ಮ್ಯಾನ್ಮಾರ್‌ಗೆ ನಾವು ಕೊಟ್ಟ ಉತ್ತರ

2021ರ ಫೆಬ್ರವರಿ ಮೊದಲ ವಾರ. ಮ್ಯಾನ್ಮಾರ್‌ನ ಯಾಂಗೂನ್ ನಗರದ ಒಂದು ಬೀದಿಯ ವಿಡಿಯೊ ನನ್ನ ಫೋನಿಗೆ ಬಂತು. ರಾತ್ರಿ ಎಂಟು ಗಂಟೆ. ಬಾಲ್ಕನಿ ತುಂಬಾ ಜನ. ಕೈಯಲ್ಲಿ ಬಾಣಲೆ, ಮುಚ್ಚಳ, ಸೌಟು, ಸಿಕ್ಕಿದ್ದೆಲ್ಲ. ಎಲ್ಲರೂ ಒಟ್ಟಿಗೆ ಬಡಿಯುತ್ತಿದ್ದಾರೆ. ಒಂದು ಕಿಟಕಿಯಲ್ಲಿ ಅಜ್ಜಿಯೊಬ್ಬರು ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿಯುತ್ತಿದ್ದರು. ಕೈ ಸೋತಾಗ ಒಂದು ಗಳಿಗೆ ನಿಲ್ಲಿಸಿ, ಕೈ ಬದಲಿಸಿ ಮತ್ತೆ ಶುರು ಮಾಡುತ್ತಿದ್ದರು. ಅದಕ್ಕೆ ಹತ್ತು ತಿಂಗಳು ಮೊದಲು ಜನತಾ ಕರ್ಫ್ಯೂ ದಿನ ನಾವೂ ಹೀಗೇ ತಟ್ಟೆ ಬಡಿದಿದ್ದೆವು, ಡಾಕ್ಟರು ನರ್ಸುಗಳಿಗೆ ಥ್ಯಾಂಕ್ಸ್ ಹೇಳೋಕೆ. ಅವರು ಬಡಿಯುತ್ತಿದ್ದದ್ದು ಕೆಟ್ಟದ್ದನ್ನು ಓಡಿಸೋಕೆ. ಮನೆಗೆ ದೆವ್ವ ಹೊಕ್ಕರೆ ಪಾತ್ರೆ ಬಡಿದು ಓಡಿಸುವುದು ಅಲ್ಲಿನ ಹಳೇ ಪದ್ಧತಿಯಂತೆ. ಆ ವಾರ ಮನೆಗೆ ಹೊಕ್ಕಿದ್ದು ಅವರದೇ ಸೇನೆ.

ಫೆಬ್ರವರಿ 1ರ ನಸುಕಿನಲ್ಲಿ ಆ ದೇಶದ ನಾಯಕಿ ಆಂಗ್ ಸಾನ್ ಸೂಕಿ, ಅಧ್ಯಕ್ಷ ವಿನ್ ಮಿಂಟ್ ಇಬ್ಬರನ್ನೂ ಹಿಡಿದು ಕೂರಿಸಿದರು. ಹೊಸ ಸಂಸತ್ತು ಸೇರಬೇಕಿದ್ದ ದಿನವೇ ಅದು. ಹಿಂದಿನ ನವೆಂಬರ್ ಚುನಾವಣೆಯಲ್ಲಿ ಸೂಕಿಯವರ ಪಕ್ಷ 476ರಲ್ಲಿ 396 ಸೀಟು ಗೆದ್ದಿತ್ತು. ಸೇನೆಯ ಬೆಂಬಲ ಇದ್ದ ಪಕ್ಷಕ್ಕೆ ಸಿಕ್ಕಿದ್ದು 33. ಸೋಲು ಒಪ್ಪಿಕೊಳ್ಳಲು ಆಗಲಿಲ್ಲ. ಮತದಾರರ ಪಟ್ಟಿಯಲ್ಲೇ ಮೋಸ ಆಗಿದೆ ಎಂದು ಹೇಳಿ ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಹ್ಲೈಂಗ್ ಇಡೀ ದೇಶವನ್ನು ಕೈಗೆ ತೆಗೆದುಕೊಂಡರು.

ನಮ್ಮ ಪತ್ರಿಕೆಗಳು ಇದನ್ನು ‘ಕ್ಷಿಪ್ರಕ್ರಾಂತಿ’ ಎಂದು ಬರೆದವು. ಮೊದಲಿಂದಲೂ ಹಾಗೇ ಬರೆಯುತ್ತಾರೆ. ನನಗೆ ಆ ಪದದ ಮೇಲೆ ಸಿಟ್ಟಿದೆ. ಕ್ರಾಂತಿ ಜನ ಮಾಡುವುದು. ಬಂದೂಕು ಹಿಡಿದವರು ಕತ್ತಲಲ್ಲಿ ಬಂದು ಗೆದ್ದವರನ್ನು ಎತ್ತಿಕೊಂಡು ಹೋಗುವುದಕ್ಕೆ ಆ ಮರ್ಯಾದೆ ಯಾಕೆ? ಆದರೂ ನಮ್ಮವರು ಒಂದು ಹೆಸರು ಇಟ್ಟರು ಅನ್ನೋಣ. ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಷಿನ್ಹುವಾ ಇದನ್ನು ‘ಸಂಪುಟದ ದೊಡ್ಡ ಪುನಾರಚನೆ’ ಎಂದು ಕರೆಯಿತು. ಥಾಯ್ಲೆಂಡಿನ ಉಪಪ್ರಧಾನಿ ‘ಅದು ಅವರ ಆಂತರಿಕ ವಿಚಾರ’ ಎಂದರು. ಕಾಂಬೋಡಿಯಾದ ಆಗಿನ ಪ್ರಧಾನಿ ಹುನ್ ಸೆನ್ ಅದೇ ಮಾತು, ಫಿಲಿಪ್ಪೀನ್ಸ್ ವಕ್ತಾರರೂ ಅದೇ ಮಾತು. ಥಾಯ್ಲೆಂಡ್ ಬೇರೆ ಏನು ಹೇಳೀತು? ಆಗಿನ ಅವರ ಪ್ರಧಾನಿ ಪ್ರಯುತ್ ಅವರೇ 2014ರಲ್ಲಿ ಸೇನಾ ಮುಖ್ಯಸ್ಥರಾಗಿದ್ದು ಇದೇ ದಾರಿಯಲ್ಲಿ ಅಧಿಕಾರಕ್ಕೆ ಬಂದವರು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಫೆಬ್ರವರಿ 4ರಂದು ಹೇಳಿಕೆ ಕೊಟ್ಟಿತು. ‘ತೀವ್ರ ಕಳವಳ’ ಎಂದಿತು. ಸೇನೆ ಅಧಿಕಾರ ಕಸಿದಿದೆ ಎಂದು ಹೆಸರಿಟ್ಟು ಹೇಳಲಿಲ್ಲ. ಆದರೆ ಅಮೆರಿಕ ಅದಕ್ಕೂ ಮೊದಲೇ, ಫೆಬ್ರವರಿ 2ರಂದು, ‘ಕೂ’ (coup, ಸೇನೆ ಅಧಿಕಾರ ಕಸಿಯುವುದು) ಎಂಬ ಪದ ಬಳಸಿತು. ಅವರ ಕಾನೂನಿನಲ್ಲಿ ಆ ಪದಕ್ಕೆ ತೂಕ ಇದೆ, ಹಾಗೆ ಕರೆದರೆ ಸರ್ಕಾರಕ್ಕೆ ಕೊಡುವ ನೆರವು ನಿಲ್ಲಿಸಬೇಕು. ಹತ್ತು ದಿನದೊಳಗೆ ನ್ಯೂಯಾರ್ಕ್‌ನಲ್ಲಿ ಇದ್ದ ಮ್ಯಾನ್ಮಾರ್ ಸರ್ಕಾರದ ಸುಮಾರು 100 ಕೋಟಿ ಡಾಲರ್ ಜನರಲ್‌ಗಳ ಕೈಗೆ ಸಿಗದ ಹಾಗೆ ಮಾಡಿದರು. ಒಂದು ಪದ ಸರಿಯಾಗಿ ಹೇಳುವುದರಿಂದ ಏನಾಗುತ್ತೆ ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಆ ತಿಂಗಳ ಕೊನೆಗೆ ಯಾಂಗೂನಿನ ಒಬ್ಬ ಹುಡುಗ ಫೇಸ್‌ಬುಕ್‌ನಲ್ಲಿ ಒಂದು ಪ್ರಶ್ನೆ ಹಾಕಿದ. ವಿಶ್ವಸಂಸ್ಥೆ ಏನಾದರೂ ಮಾಡಬೇಕು ಅಂದರೆ ಇನ್ನೆಷ್ಟು ಹೆಣ ಬೀಳಬೇಕು ಅಂತ. ಮರುದಿನ, ಫೆಬ್ರವರಿ 28ರಂದು, ಪ್ರತಿಭಟನೆಯಲ್ಲಿ ಅವನೇ ಗುಂಡಿಗೆ ಬಿದ್ದ. ನಾವು ನೀವು ಹುಟ್ಟುಹಬ್ಬದ ಫೋಟೊ ಹಾಕುವ ಇದೇ ಜಾಗದಲ್ಲಿ ಅವನು ಅದನ್ನು ಕೇಳಿದ್ದ. ಇವತ್ತಿಗೂ ಅದು ನೆನಪಾದರೆ ಗಂಟಲು ಕಟ್ಟುತ್ತೆ. ಆ ದೇಶದ ಹುಡುಗರು ನಿಜವಾಗಿ ನಂಬಿದ್ದರು. ಹೊರಗಿನಿಂದ ಯಾರಾದರೂ ಬರುತ್ತಾರೆ ಅಂತ ಇಂಗ್ಲಿಷಿನಲ್ಲಿ ಬೋರ್ಡ್ ಬರೆದು ಹಿಡಿದು ನಿಂತಿದ್ದರು. ಯಾರೂ ಬರಲಿಲ್ಲ.

ಏಪ್ರಿಲ್‌ನಲ್ಲಿ ಆಗ್ನೇಯ ಏಷ್ಯಾದ ದೇಶಗಳ ಕೂಟ ಆಸಿಯಾನ್ ಜಕಾರ್ತದಲ್ಲಿ ಸೇರಿತು. ಮಿನ್ ಆಂಗ್ ಹ್ಲೈಂಗ್ ಅವರನ್ನೂ ಕರೆದು ಕೂರಿಸಿಕೊಂಡು ಐದು ಅಂಶಗಳ ಒಪ್ಪಂದ ಮಾಡಿದರು. ಹಿಂಸೆ ತಕ್ಷಣ ನಿಲ್ಲಬೇಕು ಅನ್ನುವುದೇ ಮೊದಲ ಅಂಶ. ಜನರಲ್ ವಾಪಸ್ ಹೋದ ಮೇಲೆ, ದೇಶದಲ್ಲಿ ಪರಿಸ್ಥಿತಿ ಸರಿಯಾಗಲಿ, ಆಮೇಲೆ ನೋಡೋಣ ಎಂದರು. ಅಕ್ಟೋಬರ್‌ನಲ್ಲಿ ಅವರನ್ನು ಶೃಂಗಸಭೆಗೆ ಬರಬೇಡಿ ಎಂದದ್ದು ಆಸಿಯಾನ್ ಮಟ್ಟಿಗೆ ದೊಡ್ಡ ಹೆಜ್ಜೆಯೇ. ಆದರೆ ಐದರಲ್ಲಿ ಮೊದಲನೆಯದೇ ನಡೆಯಲಿಲ್ಲ.

ಇನ್ನು ನಮ್ಮ ವಿಷಯ. ಇದನ್ನೇ ನಾನು ಬರೆಯಬೇಕು ಅಂತ ಕೂತದ್ದು.

2021ರ ಮಾರ್ಚ್ 27. ಮ್ಯಾನ್ಮಾರ್ ಸೇನಾ ದಿನ. ರಾಜಧಾನಿ ನೇಪಿಡಾವ್‌ನಲ್ಲಿ ಭಾರಿ ಪೆರೇಡ್. ಅವತ್ತು ಒಂದೇ ದಿನ ದೇಶದ ಬೇರೆ ಬೇರೆ ಊರುಗಳಲ್ಲಿ ನೂರಕ್ಕೂ ಜಾಸ್ತಿ ಜನರನ್ನು ಸೇನೆ, ಪೊಲೀಸರು ಕೊಂದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಪೆರೇಡ್‌ಗೆ ಎಂಟು ದೇಶಗಳು ಪ್ರತಿನಿಧಿಗಳನ್ನು ಕಳಿಸಿದ್ದವು. ರಷ್ಯಾ, ಚೀನಾ, ಪಾಕಿಸ್ತಾನ, ಬಾಂಗ್ಲಾದೇಶ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್. ಎಂಟನೆಯದು ಭಾರತ. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸೇರಿ ಹನ್ನೆರಡು ದೇಶಗಳ ಸೇನಾ ಮುಖ್ಯಸ್ಥರು ಅದೇ ದಿನದ ಕೊಲೆಗಳನ್ನು ಖಂಡಿಸಿ ಒಟ್ಟಾಗಿ ಹೇಳಿಕೆ ಕೊಟ್ಟರು. ಅದರಲ್ಲಿ ನಾವಿಲ್ಲ.

ಜೂನ್ 18ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮತ ಹಾಕಿದರು. ಸೇನೆಯನ್ನು ಖಂಡಿಸಿ, ಅವರಿಗೆ ಆಯುಧ ಹೋಗದಂತೆ ತಡೆಯಿರಿ ಎನ್ನುವ ನಿರ್ಣಯ. ಪರ 119. ವಿರುದ್ಧ ಬೆಲಾರುಸ್ ಒಂದೇ. ಮತ ಹಾಕದೆ ಉಳಿದವರು 36, ಅದರಲ್ಲಿ ನಾವೂ ಇದ್ದೆವು. 2022ರ ಡಿಸೆಂಬರ್ 21ರಂದು ಭದ್ರತಾ ಮಂಡಳಿಯಲ್ಲೇ ನಿರ್ಣಯ ಬಂತು. ಮ್ಯಾನ್ಮಾರ್ ಬಗ್ಗೆ ದಶಕಗಳಲ್ಲಿ ಮಂಡಳಿ ಮಾಡಿದ ಮೊದಲ ನಿರ್ಣಯ. ಆಗ ನಾವು ಮಂಡಳಿಯ ಸದಸ್ಯರು. ಹದಿನೈದರಲ್ಲಿ ಹನ್ನೆರಡು ದೇಶ ಒಪ್ಪಿದವು. ಚೀನಾ, ರಷ್ಯಾ, ಭಾರತ ಮತ ಹಾಕಲಿಲ್ಲ. ಗದ್ದಲ ಮಾಡದೆ ತಾಳ್ಮೆಯಿಂದ ಮಾತಾಡಬೇಕು ಎಂದು ನಮ್ಮ ರಾಯಭಾರಿ ಹೇಳಿದರು. ಅಷ್ಟೊತ್ತಿಗೆ ಮಾತಾಡುತ್ತಾ ಎರಡು ವರ್ಷ ಹತ್ತಿರ ಆಗಿತ್ತು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಸೇನೆ ನಾಲ್ವರು ಹೋರಾಟಗಾರರನ್ನು ಗಲ್ಲಿಗೇರಿಸಿತ್ತು. ಅವರಲ್ಲಿ ಒಬ್ಬರು ಮಾಜಿ ಸಂಸದ.

ನಮ್ಮ ಸೋದರಮಾವ ಅಸ್ಸಾಂ ರೈಫಲ್ಸ್‌ನಲ್ಲಿದ್ದು ರಿಟೈರ್ ಆದವರು. ಈ ವಿಷಯ ಎತ್ತಿದರೆ ಅವರಿಗೆ ಕೋಪ ಬರುತ್ತೆ. ಹಬ್ಬಕ್ಕೆ ಬಂದಾಗ ಊಟದ ಎಲೆ ಮುಂದೆ ಕೂತೇ ಹೇಳಿದರು: “ಏನಮ್ಮಾ, ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ. ಆ ಗಡಿ ಕಾಡು ನೋಡಿದ್ದೀಯಾ? ಆಚೆ ಕಡೆ ಸೇನೆ ನಮ್ ಜೊತೆ ಇಲ್ಲದಿದ್ರೆ ನಮ್ ಹುಡುಗರು ಸಾಯ್ತಾರೆ.”

ಮಾವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1,643 ಕಿಲೋಮೀಟರ್ ಗಡಿ ಅದು. 2015ರಲ್ಲಿ ಮಣಿಪುರದ ಚಂದೇಲ್‌ನಲ್ಲಿ ನಮ್ಮ 18 ಯೋಧರನ್ನು ಕೊಂದ ಉಗ್ರರ ನೆಲೆ ಗಡಿಯಾಚೆ ಇತ್ತು. ಚೀನಾ ಆ ದೇಶದಲ್ಲಿ ಕಾಲೂರುತ್ತಿರುವುದೂ ನಿಜ. ಆದರೆ ಸುಮ್ಮನಿದ್ದು ನಮಗೆ ಸಿಕ್ಕಿದ್ದೇನು ಎಂದು ಕೇಳಬೇಕಲ್ವಾ? ಸೇನೆ ಅಧಿಕಾರ ಹಿಡಿದ ವರ್ಷವೇ, ನವೆಂಬರ್‌ನಲ್ಲಿ, ಚುರಾಚಾಂದ್‌ಪುರದ ಹತ್ತಿರ ಮಾವನ ಅಸ್ಸಾಂ ರೈಫಲ್ಸ್‌ನ ಒಬ್ಬ ಕರ್ನಲ್, ಅವರ ಹೆಂಡತಿ, ಎಳೆಯ ಮಗ, ನಾಲ್ವರು ಯೋಧರನ್ನು ಉಗ್ರರು ಹೊಂಚುಹಾಕಿ ಕೊಂದರು. ಮ್ಯಾನ್ಮಾರ್ ಸೇನೆ ಮಣಿಪುರದ ಬಂಡುಕೋರ ಗುಂಪುಗಳನ್ನೇ ತನ್ನ ಪರ ಹೊಡೆದಾಡಲು ಬಳಸಿಕೊಳ್ಳುತ್ತಿದೆ ಎಂದು ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. ಕಲಾದಾನ್ ಯೋಜನೆಯನ್ನೇ ನೋಡಿ. ಸಿತ್ವೆ ಬಂದರಿನಿಂದ ನದಿಯಲ್ಲಿ ಪಲೆತ್ವಾಗೆ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂಗೆ ಸಾಮಾನು ತರುವ ಯೋಜನೆ, ನಮ್ಮ ದುಡ್ಡು. ಅದು ಕೆಡಬಾರದು ಅಂತಲೂ ಜನರಲ್‌ಗಳನ್ನು ನೋಯಿಸಲಿಲ್ಲ. 2024ರ ಜನವರಿಯಲ್ಲಿ ಪಲೆತ್ವಾ ಊರನ್ನು ಆ ಸೇನೆಯ ವಿರುದ್ಧ ಹೋರಾಡುವ ಬಂಡುಕೋರ ಗುಂಪು ಅರಕಾನ್ ಆರ್ಮಿ ಹಿಡಿಯಿತು. ಯಾರ ಮುಲಾಜಿಗೆ ಬಾಯಿ ಮುಚ್ಚಿಕೊಂಡಿದ್ದೆವೋ ಆ ದಾರಿ ಈಗ ಅವರ ಕೈಯಲ್ಲೇ ಇಲ್ಲ.

ಮಾವ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಮಿಜೋ ಜನ ಒಳ್ಳೆಯವರು ಕಣಮ್ಮಾ” ಎಂದರು. ಅದನ್ನು ಅವರು ಯಾಕೆ ಹೇಳಿದರು ಎಂದು ನನಗೆ ಗೊತ್ತಿತ್ತು.

ಮಾರ್ಚ್ 2021ರಲ್ಲಿ ಗುಂಡು ಹಾರಿಸಲು ಒಪ್ಪದ ಮ್ಯಾನ್ಮಾರ್ ಪೊಲೀಸರು ತಿಯಾವು ನದಿ ದಾಟಿ ಮಿಜೋರಾಂಗೆ ಬಂದರು. ಹಿಂದೆಯೇ ಅವರ ಮನೆಯವರು, ಆಮೇಲೆ ಊರೂರುಗಳೇ ಬಂದವು. ತಿಯಾವು ದೊಡ್ಡ ನದಿಯೇನಲ್ಲ. ಬೇಸಿಗೆಯಲ್ಲಿ ನಡೆದೇ ದಾಟಬಹುದು. ಆ ದಡದ ಚಿನ್ ಜನ, ಈ ದಡದ ಮಿಜೋ ಜನ ಒಂದೇ ಬಳ್ಳಿಯವರು. ಮಾರ್ಚ್ 10ರಂದು ಕೇಂದ್ರ ಗೃಹ ಇಲಾಖೆ ಗಡಿ ರಾಜ್ಯಗಳಿಗೆ ಪತ್ರ ಬರೆಯಿತು. ಬಂದವರನ್ನು ತಡೆಯಿರಿ, ವಾಪಸ್ ಕಳಿಸಿ, ಯಾರನ್ನಾದರೂ ನಿರಾಶ್ರಿತ ಎಂದು ಒಪ್ಪುವ ಅಧಿಕಾರ ರಾಜ್ಯಗಳಿಗೆ ಇಲ್ಲ ಎಂದು. ಮಿಜೋರಾಂ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೇ ಪತ್ರ ಬರೆದು, ಇದನ್ನು ನಾವು ಒಪ್ಪಲು ಆಗುವುದಿಲ್ಲ ಎಂದರು. ಮೋದಿಯವರ ಜೊತೆ ಮೈತ್ರಿಯಲ್ಲಿದ್ದ ಪಕ್ಷದವರು ಅವರು, ನೆನಪಿರಲಿ. ಮಣಿಪುರದಲ್ಲಿ, ಬಂದವರಿಗೆ ಕ್ಯಾಂಪ್ ತೆರೆಯಬೇಡಿ, ಊಟ ಕೊಡಬೇಡಿ, ನಯವಾಗಿ ವಾಪಸ್ ಕಳಿಸಿ ಎಂಬ ಆದೇಶ ಹೊರಬಿತ್ತು. ಜನ ಛೀ ಎಂದ ಮೇಲೆ ಮೂರ್ನಾಲ್ಕು ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು.

ಮಿಜೋರಾಂನಲ್ಲಿ ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್ ಹುಡುಗರು, ಹಳ್ಳಿಯವರು ಬಿದಿರು ಕಡಿದು, ಟಾರ್ಪಲ್ ಕಟ್ಟಿ ಶೆಡ್ ಹಾಕಿದರು. ಮನೆಮನೆಯಿಂದ ಅಕ್ಕಿ ತಂದರು. ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡರು. ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಹೀಗೆ ಅಲ್ಲಿ ಬದುಕಿದರು. ಇಡೀ ಮಿಜೋರಾಂ ಜನಸಂಖ್ಯೆ 2011ರ ಗಣತಿಯಲ್ಲಿ ಹನ್ನೊಂದು ಲಕ್ಷ. ಬೆಂಗಳೂರಿನ ನಾಲ್ಕು ವಿಧಾನಸಭಾ ಕ್ಷೇತ್ರದಷ್ಟೂ ಆಗಲಿಕ್ಕಿಲ್ಲ. ಅವರ ಹತ್ತಿರ ದುಡ್ಡೂ ಇರಲಿಲ್ಲ. ಈ ಇಡೀ ಕಥೆಯಲ್ಲಿ ಭಾರತದ ಉತ್ತರ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ, ನ್ಯೂಯಾರ್ಕ್‌ನ ಮತದ ಪಟ್ಟಿ ತೋರಿಸಲು ನನಗೆ ನಾಚಿಕೆ. ಆ ಟಾರ್ಪಲ್ ಶೆಡ್ ತೋರಿಸುತ್ತೇನೆ.

ಸೂಕಿಯವರಿಗಾಗಿ ಯಾಕೆ ಅಳಬೇಕು ಎಂದು ಕೇಳುವವರಿದ್ದಾರೆ. 2019ರಲ್ಲಿ ಹೇಗ್ ನ್ಯಾಯಾಲಯದಲ್ಲಿ ನಿಂತು, ರೋಹಿಂಗ್ಯಾ ಜನರ ಮೇಲೆ ನಡೆದದ್ದು ನರಮೇಧ ಅಲ್ಲ ಎಂದು ಇದೇ ಸೇನೆ ಪರ ವಾದ ಮಾಡಿದವರು ಅವರು. ಅದನ್ನು ನಾನೂ ಮರೆತಿಲ್ಲ, ಮರೆಯಲೂ ಬಾರದು. ಆದರೆ ಇದು ಅವರೊಬ್ಬರ ವಿಷಯ ಅಲ್ಲ. ಸಾಲಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ವೋಟು ಹಾಕಿದವರ ವಿಷಯ. ಅಂದಹಾಗೆ ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದ ಹುಡುಗಿ ಅವರು. 1990ರ ದಶಕದಲ್ಲಿ ನಾವೇ ಅವರಿಗೆ ನೆಹರೂ ಪ್ರಶಸ್ತಿ ಕೊಟ್ಟಿದ್ದೆವು.

ಆಗ ದೆಹಲಿಯಲ್ಲಿ ನಮ್ಮ ಮಂಗಳೂರಿನ ಒಬ್ಬರಿದ್ದರು, ಜಾರ್ಜ್ ಫರ್ನಾಂಡಿಸ್. ಬರ್ಮಾದಿಂದ, ಅಂದರೆ ಇದೇ ಮ್ಯಾನ್ಮಾರ್‌ನಿಂದ, ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗೆ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಬಂಗಲೆಯಲ್ಲೇ ಜಾಗ ಕೊಟ್ಟಿದ್ದರು. ರಕ್ಷಣಾ ಸಚಿವರಾದ ಮೇಲೂ ಅವರನ್ನು ಹೊರಗೆ ಕಳಿಸಲಿಲ್ಲ. ಆ ಮನೆಗೆ ಗೇಟೇ ಇರಲಿಲ್ಲ ಎಂದು ಅವರನ್ನು ಬಲ್ಲವರು ಇಂದಿಗೂ ಹೇಳುತ್ತಾರೆ. ಅವರ ರಾಜಕೀಯದಲ್ಲಿ ನಾನು ಒಪ್ಪದ್ದು ಬೇಕಾದಷ್ಟಿದೆ. ಈ ಒಂದು ವಿಷಯದಲ್ಲಿ ಅವರು ನಮ್ಮ ಊರ ಕಡೆಯವರು ಎಂದು ಹೇಳಿಕೊಳ್ಳಲು ಹೆಮ್ಮೆ.

2023ರ ಮೇನಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ಟರು. ಅಧಿಕಾರ ಕಸಿದ ಮೇಲೆ ಆ ಸೇನೆ ಹೊರಗಿನಿಂದ ತರಿಸಿಕೊಂಡ ಆಯುಧ, ಬಿಡಿಭಾಗಗಳು ಕಡಿಮೆ ಅಂದರೂ 100 ಕೋಟಿ ಡಾಲರ್ ಬೆಲೆಯದು. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ, ಭಾರತದಿಂದ 5.1 ಕೋಟಿ ಡಾಲರ್. ಭಾರತದ ಪಟ್ಟಿಯಲ್ಲಿ ಸರ್ಕಾರಿ ಕಂಪನಿಗಳ ಹೆಸರಿತ್ತು, ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರೂ ಇತ್ತು. ಬಿಇಎಲ್ ಸರ್ಕಲ್ ದಾಟದೆ ನನ್ನ ದಿನ ಮುಗಿಯುವುದಿಲ್ಲ. ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಆ ಫ್ಯಾಕ್ಟರಿ ಸಂಬಳದಲ್ಲಿ ಕಟ್ಟಿದ್ದು. ಒಳ್ಳೆ ಜನ, ಒಳ್ಳೆ ಕೆಲಸ. ಸೂಕಿ ಸರ್ಕಾರದ ಕಾಲದಲ್ಲೇ ಮಾಡಿಕೊಂಡ ಒಪ್ಪಂದಗಳು ಇವು ಎಂದು ನಮ್ಮ ಸರ್ಕಾರ ಉತ್ತರ ಕೊಟ್ಟಿದೆ. ಸೂಕಿಯನ್ನು ಜೈಲಿಗೆ ಹಾಕಿದವರಿಗೆ ಆ ಒಪ್ಪಂದದ ಸಾಮಾನು ಯಾಕೆ ಮುಟ್ಟಬೇಕು? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿಲ್ಲ.

ಏನು ಮಾಡಿದರೂ ಪ್ರಯೋಜನ ಇಲ್ಲ ಅನ್ನುವವರು ಸಿಂಗಪುರದ ಕಥೆ ಕೇಳಬೇಕು. ಆ ವರದಿ ಬಂದ ಮೇಲೆ ಸಿಂಗಪುರ ತನ್ನ ಕಂಪನಿಗಳನ್ನು ತನಿಖೆ ಮಾಡಿತು. ಮುಂದಿನ ವರ್ಷದ ವರದಿಯಲ್ಲಿ ಅಲ್ಲಿಂದ ಹೋಗುವ ಮಾಲು 11 ಕೋಟಿ ಡಾಲರ್‌ನಿಂದ ಬರೀ 1 ಕೋಟಿಗೆ ಇಳಿದಿತ್ತು. ಒಂದೇ ವರ್ಷದಲ್ಲಿ! ಭಾಷಣ ಇಲ್ಲ, ಯುದ್ಧ ಇಲ್ಲ, ಬ್ಯಾಂಕ್ ಲೆಕ್ಕ ತೆಗೆದು ನೋಡಿದರು ಅಷ್ಟೇ. ಅದೇ ಹೊತ್ತಿಗೆ ಥಾಯ್ಲೆಂಡಿನಿಂದ ಹೋಗುವುದು 6 ಕೋಟಿಯಿಂದ 12 ಕೋಟಿಗೆ ಏರಿತ್ತು, ಅದೂ ನಿಜ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತಾರೆ. ಹಾಗಂತ ನಮ್ಮ ಬಾಗಿಲು ತೆರೆದಿಡಬೇಕಾ?

ಆ ಸಾಮಾನೆಲ್ಲ ಏನಾಗುತ್ತೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತ್ಯದ ಪಝಿಗಿ ಹಳ್ಳಿಯಲ್ಲಿ ಒಂದು ಕಚೇರಿ ಉದ್ಘಾಟನೆಗೆ ಊರಿನವರು ಸೇರಿದ್ದರು. ವಿಮಾನದಿಂದ ಬಾಂಬ್ ಹಾಕಿದರು. ಉಳಿದವರ ಮೇಲೆ ಹೆಲಿಕಾಪ್ಟರ್‌ನಿಂದ ಗುಂಡು. 160ಕ್ಕೂ ಹೆಚ್ಚು ಜನ ಸತ್ತರು. ಆ ಸಗಾಯಿಂಗ್ ನಮ್ಮ ಮಣಿಪುರಕ್ಕೆ ಅಂಟಿಕೊಂಡ ಪ್ರಾಂತ್ಯ. 2025ರ ಮಾರ್ಚ್ 28ರ ಭೂಕಂಪ ಹೊಡೆದದ್ದೂ ಅಲ್ಲೇ. ಆಗ ನಮ್ಮ ಸೇನೆ ‘ಆಪರೇಷನ್ ಬ್ರಹ್ಮ’ ಎಂದು ಆಸ್ಪತ್ರೆ ಸಮೇತ ಹೋಗಿ ನಿಂತಿತು. ಅದನ್ನು ಎದೆ ತುಂಬಿ ಮೆಚ್ಚುತ್ತೇನೆ. ನಮ್ಮ ಡಾಕ್ಟರುಗಳು ಅಲ್ಲಿ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದಾಗಲೂ ಆ ಸೇನೆ ಬಾಂಬ್ ಹಾಕುವುದನ್ನು ನಿಲ್ಲಿಸಲಿಲ್ಲ.

ಅಮೆರಿಕದ ಮೇಲೂ ನನಗೆ ಈಗ ಮೊದಲಿನ ನಂಬಿಕೆ ಇಲ್ಲ. 2025ರ ಜುಲೈನಲ್ಲಿ ಮಿನ್ ಆಂಗ್ ಹ್ಲೈಂಗ್ ಟ್ರಂಪ್ ಅವರನ್ನು ಹೊಗಳಿ ಪತ್ರ ಬರೆದರು. ಕೆಲವೇ ದಿನದಲ್ಲಿ ಸೇನೆಗೆ ಹತ್ತಿರದ ಕೆಲವು ಕಂಪನಿಗಳ ಮೇಲಿನ ನಿರ್ಬಂಧ ತೆಗೆದರು. ಎರಡಕ್ಕೂ ಸಂಬಂಧ ಇಲ್ಲ ಎಂದು ವಾಷಿಂಗ್ಟನ್ ಹೇಳಿದೆ. ದೂರದವರು ಇವತ್ತು ಇರುತ್ತಾರೆ, ನಾಳೆ ಮರೆಯುತ್ತಾರೆ. ಗಡಿ ಹಂಚಿಕೊಂಡ ನಾವು ಎಲ್ಲಿಗೆ ಹೋಗೋಣ?

ನಮ್ಮ ಸಂಸದರಿಗೆ ನಾನು ಒಂದು ಪತ್ರ ಬರೆದಿದ್ದೇನೆ. ಎರಡೇ ವಿಷಯ ಕೇಳಿದ್ದೇನೆ. ಭಾರತದ ಯಾವ ಕಂಪನಿಯಿಂದಲೂ, ಹಳೇ ಒಪ್ಪಂದ ಇರಲಿ ಹೊಸದಿರಲಿ, ಆ ಸೇನೆಗೆ ಒಂದು ಸ್ಕ್ರೂ ಕೂಡ ಹೋಗುವುದಿಲ್ಲ ಎಂದು ಸಂಸತ್ತಿನಲ್ಲಿ ಸರ್ಕಾರದಿಂದ ಹೇಳಿಸಿ. ಮಿಜೋರಾಂನಲ್ಲಿ ಇರುವವರನ್ನು ಬಲವಂತವಾಗಿ ವಾಪಸ್ ಕಳಿಸುವುದಿಲ್ಲ ಎಂದೂ ಹೇಳಿಸಿ, ಅವರ ಊಟದ ಖರ್ಚಿಗೆ ಕೇಂದ್ರ ದುಡ್ಡು ಕೊಡಲಿ. ಉತ್ತರ ಬಂದಿಲ್ಲ. ಮಾವನಿಗೆ ಫೋನ್ ಮಾಡಿ ಪತ್ರ ಓದಿ ಹೇಳಿದೆ. ಎರಡನೆಯದಕ್ಕೆ ಅವರು ಒಪ್ಪಿದರು. ಮೊದಲನೆಯದಕ್ಕೆ, “ಹಬ್ಬಕ್ಕೆ ಬರ್ತೀನಲ್ಲ, ಕೂತು ಮಾತಾಡೋಣ” ಎಂದರು.