ವೈಕಿಂಗರ ಕಲ್ಲು, ನಮ್ಮೂರ ವೀರಗಲ್ಲು

ಸ್ಟಾಕ್‌ಹೋಮ್‌ಗೆ ಬಂದು ಒಂಬತ್ತು ವರ್ಷವಾಯಿತು. ಊರಿಂದ ಫೋನ್ ಮಾಡುವವರು ಈಗಲೂ ಎರಡೇ ಮಾತು ಕೇಳುತ್ತಾರೆ. ಚಳಿ ಜಾಸ್ತಿನಾ? ಅದು ವೈಕಿಂಗರ ದೇಶ ಅಲ್ವಾ? ವೈಕಿಂಗರೆಂದರೆ ಸಾವಿರ ವರ್ಷದ ಹಿಂದೆ ಈ ಕಡೆಯಿಂದ ಹಡಗೇರಿ ವ್ಯಾಪಾರಕ್ಕೂ ಲೂಟಿಗೂ ಹೋಗುತ್ತಿದ್ದವರು. ಫೋನ್ ಮಾಡುವವರ ಕಣ್ಣ ಮುಂದೆ ಇರುವುದು ಕೊಂಬಿನ ಟೋಪಿ, ಕೈಯಲ್ಲಿ ಕೊಡಲಿ, ಹಿಂದೆ ಉರಿಯುವ ಚರ್ಚು. ಟೋಪಿ ಸುಳ್ಳು. 1876ರಲ್ಲಿ ಜರ್ಮನಿಯ ಒಪೆರಾ ಒಂದಕ್ಕೆ ಹೊಲಿಸಿದ ವೇಷದಿಂದ ಅದು ಎಲ್ಲರ ತಲೆಯಲ್ಲಿ ಕೂತಿತು. ಚರ್ಚಿಗೆ ನುಗ್ಗಿದ್ದು ನಿಜ, ಜನರನ್ನು ಹಿಡಿದು ಗುಲಾಮರಾಗಿ ಮಾರಿದ್ದೂ ನಿಜ. ಆದರೆ ಆ ಕತೆ ಬರೆದಿಟ್ಟವರು ಹೆಚ್ಚಾಗಿ ಪೆಟ್ಟು ತಿಂದವರು. 13ನೇ ಶತಮಾನದ ಇಂಗ್ಲಿಷ್ ಸನ್ಯಾಸಿಯೊಬ್ಬನ ದೂರು ಇನ್ನೂ ಮಜಾ ಇದೆ. ಈ ಡೇನರು (ಡೆನ್ಮಾರ್ಕ್ ಕಡೆಯ ವೈಕಿಂಗರು) ದಿನಾ ತಲೆ ಬಾಚುತ್ತಾರೆ, ಶನಿವಾರ ಶನಿವಾರ ಸ್ನಾನ ಮಾಡುತ್ತಾರೆ, ಹಾಗಾಗಿ ನಮ್ಮ ಹೆಂಗಸರು ಅವರಿಗೆ ಮರುಳಾಗುತ್ತಾರೆ ಅಂತ! ಸ್ವೀಡಿಷ್‌ನಲ್ಲಿ ಶನಿವಾರಕ್ಕೆ ಲೋರ್ದಾಗ್ ಎನ್ನುತ್ತಾರೆ. ಮೂಲದಲ್ಲಿ ಅದರ ಅರ್ಥ ಸ್ನಾನದ ದಿನ. ಶನಿವಾರದ ಎಣ್ಣೆಸ್ನಾನದಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ವೈಕಿಂಗರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು ಕಲ್ಲಿನ ಮೇಲೆ. ಸ್ವೀಡನ್ನಿನಲ್ಲಿ ಸುಮಾರು 2,500 ರೂನ್ ಕಲ್ಲುಗಳಿವೆ. ರೂನ್ ಎಂದರೆ ಅವರ ಹಳೆಯ ಲಿಪಿ. ಹೆಚ್ಚಿನವು 11ನೇ ಶತಮಾನದವು, ಅಂದರೆ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರ ಕಾಲ. ಸುತ್ತಿಕೊಂಡ ಹಾವು, ಹಾವಿನ ಮೈಯೊಳಗೆ ಅಕ್ಷರ, ಗೆರೆಗಳಿಗೆ ಈಗಿನವರು ತುಂಬಿದ ಕೆಂಪು ಬಣ್ಣ. ಮೊದಲ ಸಲ ಫೋಟೋ ಕಳಿಸಿದಾಗ ಅಮ್ಮ, "ಇದು ನಾಗರಕಲ್ಲಲ್ವೇನೋ? ಕುಂಕುಮ ಬೇರೆ ಹಚ್ಚಿದಾರೆ" ಅಂದಳು. ಅಕ್ಷರಗಳು ಬರೀ 16. ಕ ಮತ್ತು ಗ ಎರಡಕ್ಕೂ ಒಂದೇ ಗುರುತು, ತ ಮತ್ತು ದ ಎರಡಕ್ಕೂ ಒಂದೇ. ತಮಿಳು ಬೋರ್ಡು ಓದಿ ರೂಢಿ ಇದ್ದವರಿಗೆ ಕಷ್ಟವಾಗದು.

ನನಗೆ ಬಹಳ ಹಿಡಿಸಿದ ಕಲ್ಲು ಮರಿಯೆಫ್ರೆಡ್ ಊರಿನ ಗ್ರಿಪ್ಸ್‌ಹೋಮ್ ಕೋಟೆಯ ಬಳಿ ಇದೆ. ನಿಲ್ಲಿಸಿದವಳು ತೋಲಾ ಎಂಬ ತಾಯಿ. ಮಗ ಹರಾಲ್ಡ್, ಇಂಗ್ವಾರ್ ಎಂಬ ನಾಯಕನ ತಮ್ಮನೋ ಅಣ್ಣನೋ. 1040ರ ಆಸುಪಾಸಿನಲ್ಲಿ ಇಂಗ್ವಾರ್ ದಂಡು ಕಟ್ಟಿಕೊಂಡು ಪೂರ್ವಕ್ಕೆ ಹೋದ. ವಾಪಸು ಬಂದವರು ಕಡಿಮೆ. ಆ ಒಂದು ದಂಡಿನವರಿಗಾಗಿ ನೆಟ್ಟ ಕಲ್ಲುಗಳೇ ಸುಮಾರು 26 ಇವೆ. ತೋಲಾ ಕೊರೆಸಿದ್ದು ಇಷ್ಟು: ಚಿನ್ನ ಅರಸಿ ಗಂಡಸರಂತೆ ದೂರ ಹೋದರು, ಪೂರ್ವದಲ್ಲಿ ಹದ್ದಿಗೆ ಉಣಿಸಿದರು, ದಕ್ಷಿಣದ ಸರ್ಕ್‌ಲಾಂಡ್‌ನಲ್ಲಿ ಸತ್ತರು. ಹದ್ದಿಗೆ ಉಣಿಸುವುದೆಂದರೆ ಶತ್ರುಗಳನ್ನು ಕೊಲ್ಲುವುದು. ಸರ್ಕ್‌ಲಾಂಡ್ ಎಂದರೆ ಮುಸ್ಲಿಮರ ನಾಡು.

ನಮ್ಮ ವೀರಗಲ್ಲು ಇದಕ್ಕೆ ನೆಂಟನ ಹಾಗೆ ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಗಾಟ್‌ಲಾಂಡ್ ದ್ವೀಪದ ಚಿತ್ರದ ಕಲ್ಲುಗಳಲ್ಲಿ ಎಂಟು ಕಾಲಿನ ಕುದುರೆ ಏರಿ ಬಂದವನಿಗೆ ಹೆಣ್ಣೊಬ್ಬಳು ಪಾನದ ಕೊಂಬು ಹಿಡಿದು ಎದುರುಗೊಳ್ಳುತ್ತಾಳೆ. 'ಮೃತೇನಾಪಿ ಸುರಾಂಗನಾ' ಅಂತ ನಮ್ಮ ಕಲ್ಲುಗಳಲ್ಲಿ ಬರೆದಿರುತ್ತದಲ್ಲ, ಸತ್ತರೆ ಸ್ವರ್ಗದ ಹೆಣ್ಣು ಸಿಗುತ್ತಾಳೆ ಅಂತ, ಅದೇ ಆಸೆ. ಇವರು ಅವರಿಂದ ಕಲಿತರು, ಅವರು ಇವರಿಂದ ಅಂತ ಸುಮ್ನೆ ಕತೆ ಕಟ್ಟುವುದು ಬೇಡ. ಯುದ್ಧಕ್ಕೆ ಹುಡುಗರನ್ನು ಕಳಿಸುವ ಊರುಗಳಿಗೆಲ್ಲ ಹೀಗೊಂದು ಮಾತು ಬೇಕಾಗುತ್ತದೆ.

ಆದರೆ ಒಂದು ವ್ಯತ್ಯಾಸ ನನ್ನನ್ನು ಬಿಡುವುದಿಲ್ಲ. ನಮ್ಮ ವೀರ ಹೆಚ್ಚಾಗಿ ಊರಿನಲ್ಲೇ ಸತ್ತವನು. ತುರು ಕದ್ದೊಯ್ಯಲು ಬಂದವರನ್ನು ಅಡ್ಡಗಟ್ಟಿ, ದನ ಬಿಡಿಸಿ, ಗಡಿಯಲ್ಲೇ ಬಿದ್ದವನು. ತೋಲಾಳ ಮಗ ದೋಚಲು ಹೋಗಿ ಸತ್ತವನು. ಅವನು ಯಾರ ಮನೆಗೆ ನುಗ್ಗಿದ್ದ ಅಂತ ಕಲ್ಲು ಹೇಳುವುದಿಲ್ಲ. ಇಲ್ಲಿನವರು ವೈಕಿಂಗರ ಬಗ್ಗೆ ಹೆಮ್ಮೆಯಿಂದ ಹೇಳುವಾಗ ನನಗೆ ಆ ಇನ್ನೊಂದು ಕಡೆಯ ಊರು ನೆನಪಾಗುತ್ತದೆ. ತುರು ಕಳೆದುಕೊಂಡವರ ಮೊಮ್ಮಕ್ಕಳಲ್ವಾ ನಾವು! ಹಾಗಿದ್ದರೂ ಸಂಬಳ ಅರಸಿ ದೂರ ಬಂದ ನನಗೆ ಆ ತಾಯಿಯ ಕಲ್ಲಿನ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ.

ಎಲ್ಲ ಕಲ್ಲೂ ಹೀಗಲ್ಲ. ಸ್ಟಾಕ್‌ಹೋಮ್ ಪಕ್ಕದ ಟೇಬಿಯಲ್ಲಿ ಯಾರ್ಲಬಾಂಕೆ ಎಂಬ ಧಣಿ ಬದುಕಿದ್ದಾಗಲೇ ತನ್ನ ನೆನಪಿಗೆ ತಾನೇ ಹಲವು ಕಲ್ಲು ನೆಡಿಸಿಕೊಂಡ. ಇಡೀ ಟೇಬಿ ನನ್ನೊಬ್ಬನದೇ ಎಂದು ಕೊರೆಸಿದ. ನಮ್ಮೂರ ಸರ್ಕಲ್ಲಿನ ಫ್ಲೆಕ್ಸ್ ನೋಡಿದವರಿಗೆ ಇವನ ಗುರುತು ಕೂಡಲೇ ಸಿಗುತ್ತದೆ. ಆದರೆ ಅವನು ಜವುಗು ನೆಲದ ಮೇಲೆ ಜನ ದಾಟಲು ದಾರಿಯನ್ನೂ ಕಟ್ಟಿಸಿದ, ತನ್ನ ಆತ್ಮದ ಒಳಿತಿಗೆ ಅಂತ. ನಮ್ಮಲ್ಲಿ ಪುಣ್ಯಕ್ಕೆ ಕೆರೆ ಕಟ್ಟಿಸುತ್ತಿದ್ದ ಹಾಗೆ.

ಇಂಥ ಕಲ್ಲುಗಳನ್ನು ಕಾಪಾಡಬೇಕೆಂದು ಇಲ್ಲಿ 1666ರಲ್ಲೇ ರಾಜಾಜ್ಞೆ ಬಂತು. ಪಾಪ, ತೋಲಾಳ ಕಲ್ಲು ಮಾತ್ರ ಅದಾಗಿ 150 ವರ್ಷ ಕಳೆದರೂ ಕೋಟೆಯ ನೆಲಮಾಳಿಗೆಗೆ ಹೊಸ್ತಿಲಾಗಿಯೇ ಬಿದ್ದಿತ್ತು. 1820ರ ದಶಕದಲ್ಲಿ ಯಾರದೋ ಕಣ್ಣಿಗೆ ಬಿತ್ತು.

ಕಳೆದ ಸಲ ಊರಿಗೆ ಹೋದಾಗ ನಮ್ಮ ಗದ್ದೆ ಕಾಲುವೆಗೆ ಅಡ್ಡ ಹಾಕಿದ ಚಪ್ಪಡಿಯನ್ನು ಬಗ್ಗಿ ನೋಡಿದೆ. ಅಡಿಯಲ್ಲಿ ಅಪ್ಸರೆಯರ ಕಾಲು. ಎತ್ತಿಸಿ ದೇವಸ್ಥಾನದ ಹತ್ತಿರ ನಿಲ್ಲಿಸೋಣ ಎಂದೆ. ಚಿಕ್ಕಪ್ಪ ಗೊಬ್ಬರದ ಚೀಲ ಹೊತ್ತು ಅದರ ಮೇಲೇ ದಾಟುತ್ತ ಅಂದರು: "ಎತ್ತಿಸು, ಬೇಡ ಅನ್ನಲ್ಲ. ನಾಳೆ ಬೆಳಿಗ್ಗೆ ನಾನು ಎಲ್ಲಿ ದಾಟಲಿ, ಅದನ್ನೂ ನೀನೇ ಹೇಳಿ ಹೋಗು."