ಚೆಂಡೆಗೆ ಬಂದ ನಿದ್ದೆ ತೊಟ್ಟೆಗೆ ಬರಲಿಲ್ಲ

ಸದ್ದಿದ್ದರೆ ನಿದ್ದೆ ಬರುವುದಿಲ್ಲ ಎನ್ನುವ ಮಾತನ್ನು ಕಾಸರಗೋಡಿನವರು ಸುಲಭಕ್ಕೆ ಒಪ್ಪುವುದಿಲ್ಲ. ನಾವು ಚೆಂಡೆಯ ಬುಡದಲ್ಲೇ ಮಲಗಿ ಬೆಳೆದವರು. ಯಕ್ಷಗಾನ ಬಯಲಾಟಕ್ಕೆ ಹೋಗುವುದು, ಚಾಪೆ ಹಾಸುವುದು, ಪೂರ್ವರಂಗ ಮುಗಿಯುವ ಮೊದಲೇ ಗೊರಕೆ ಹೊಡೆಯುವುದು. 'ಮಹಿಷಾಸುರ ಬರುವಾಗ ಎಬ್ಬಿಸಿ ಆಯ್ತಾ' ಎಂದು ಪಕ್ಕದವರಿಗೆ ಮೊದಲೇ ಹೇಳಿಡಬೇಕು, ಅಷ್ಟೇ. ಆತ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಅಬ್ಬರಿಸುತ್ತಾ ಬರುತ್ತಾನೆ. ಅಲ್ಲಾಡಿಸಿ ಎಬ್ಬಿಸದಿದ್ದರೆ ಆಗಲೂ ಮಲಗಿಯೇ ಇರುವವರು ನಮ್ಮಲ್ಲಿದ್ದಾರೆ. ಜೂನ್ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮನೆಯೊಳಗೆ ಮಾತಾಡಿದ್ದು ಕೇಳಿಸುವುದಿಲ್ಲ. ನಿದ್ದೆ ಮಾತ್ರ ಗಡದ್ದಾಗಿ ಬರುತ್ತದೆ.

ಇಂಥ ನನಗೆ ಬೇಕಲದ ಒಂದು ಹಾಸ್ಟೆಲಿನಲ್ಲಿ ಬೆಳಗಿನವರೆಗೂ ಕಣ್ಣು ಹತ್ತಲಿಲ್ಲ.

ಅಕ್ಕನ ಮಗ ಬೆಂಗಳೂರಿನಿಂದ ಸ್ನೇಹಿತರ ಜೊತೆ ಬಂದಿದ್ದ. 'ಮಾವ, ನೀವೂ ಬನ್ನಿ, ಗಮ್ಮತ್ತಾಗ್ತದೆ' ಎಂದ. ಹಾಸ್ಟೆಲ್ ಎಂದರೆ ನನಗೆ ಗೊತ್ತಿದ್ದದ್ದು ನೀರು ಸಾಂಬಾರು ಮತ್ತು ವಾರ್ಡನ್. ಈಗ ತಿರುಗಾಡಲು ಬಂದವರೂ ರೂಮಿನ ಬದಲು ಒಂದು ಮಂಚ ಹಿಡಿದು ಮಲಗುತ್ತಾರೆ. ಈ ಪದ್ಧತಿ ಶುರು ಮಾಡಿದ್ದು ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಮೇಷ್ಟ್ರು. 1909ರಲ್ಲಿ ಮಕ್ಕಳನ್ನು ನಡೆಸಿಕೊಂಡು ಹೊರಟವರು ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆದರು. ಆಗ ಹೊಳೆದದ್ದು 1912ರ ಹೊತ್ತಿಗೆ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಹಾಸ್ಟೆಲ್ ಆಯಿತು. ಕೋಟೆಯ ಗೋಡೆ ದಪ್ಪ. ಆ ಮಕ್ಕಳು ಪುಣ್ಯವಂತರು. ಬೇಕಲದಲ್ಲೂ ಕೆಳದಿಯವರು ಕಟ್ಟಿಸಿದ 40 ಎಕರೆಯ ಕೋಟೆ ಉಂಟು. ಆದರೆ ನಮ್ಮ ಮಂಚಗಳಿದ್ದದ್ದು ಅದರ ಹೊರಗೆ, ಪ್ಲೈವುಡ್ ಗೋಡೆಗಳ ನಡುವೆ.

ಕೌಂಟರಿನ ಮೇಲೆ ಗಾಜಿನ ಭರಣಿಯಲ್ಲಿ ಕಿವಿಗೆ ತುರುಕುವ ಹಳದಿ ಸ್ಪಂಜಿನ ತುಂಡುಗಳು ಮಾರಾಟಕ್ಕಿದ್ದವು. ಊಟದ ಎಲೆಯ ಜೊತೆಗೇ ಹೊಟ್ಟೆನೋವಿನ ಮಾತ್ರೆ ತಂದಿಟ್ಟ ಹಾಗೆ. ರಾತ್ರಿ ಹತ್ತರ ನಂತರ ಗಲಾಟೆ ಬೇಡ ಎಂಬ ಬೋರ್ಡು ಮಲಯಾಳದಲ್ಲಿತ್ತು, ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. ಹಾಗಾಗಿ ಅದು ತಮಗೆ ಅನ್ವಯಿಸುವುದಿಲ್ಲ ಎಂದು ಅಕ್ಕನ ಮಗನ ಗುಂಪು ತೀರ್ಮಾನಿಸಿತು. ಅವರ ಗಿಟಾರು ಹನ್ನೊಂದೂವರೆಗೆ ನಿಂತಿತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಗಿಟಾರು ಇರುವವರೆಗೆ ನಾನು ತೂಕಡಿಸುತ್ತಿದ್ದೆ.

ಕಷ್ಟ ಶುರುವಾದದ್ದು ಎಲ್ಲರೂ ಮರ್ಯಾದಸ್ಥರಾದ ಮೇಲೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮೀರಬಾರದು. ಬೆಳಗಿನವರೆಗೆ ನಡೆಯುತ್ತಿದ್ದ ಎಷ್ಟೋ ಬಯಲಾಟ ಕಾಲಮಿತಿಗೆ ಇಳಿಯಲು ಅದೂ ಒಂದು ಕಾರಣ. ಚೆಂಡೆಯನ್ನು ಹಿಡಿದ ನಿಯಮಕ್ಕೆ ತೊಟ್ಟೆಯನ್ನು, ಅಂದರೆ ಪ್ಲಾಸ್ಟಿಕ್ ಚೀಲವನ್ನು, ಹಿಡಿಯಲು ಆಗಲಿಲ್ಲ. ನನ್ನ ಮೇಲಿನ ಮಂಚದವನಿಗೆ ನಡುರಾತ್ರಿ ಹಸಿವಾಯಿತು. ಬಾಳೆಕಾಯಿ ಚಿಪ್ಸಿನ ತೊಟ್ಟೆ ತೆಗೆದ. ಒಂದೇ ಸಲ ಪರ್ರನೆ ಹರಿದಿದ್ದರೆ ಮುಗಿಯುತ್ತಿತ್ತು. ಪಾಪ, ಬೇರೆಯವರಿಗೆ ತೊಂದರೆ ಆಗಬಾರದಲ್ಲ. ಚರ್ ಎನ್ನುವಷ್ಟು ಹರಿದು ನಿಲ್ಲಿಸಿದ. ನಾನು ಕಾದೆ. ಮತ್ತೊಂದು ಚರ್. ಚಿಪ್ಸನ್ನು ಜಗಿದರೆ ಸದ್ದಾಗುತ್ತದೆಂದು ಬಾಯಲ್ಲೇ ನೆನೆಸಿ ಇಟ್ಟುಕೊಂಡ. ಈಗ ಜಗಿಯುತ್ತಾನೆ, ಈಗ ಜಗಿಯುತ್ತಾನೆ ಎಂದು ನನ್ನ ಕಿವಿ ಅವನ ದವಡೆಗೇ ಅಂಟಿಕೊಂಡಿತು. ಕರುಂ. ಆಮೇಲೆ ಬ್ಯಾಗಿನ ಜಿಪ್ಪು, ಅದೂ ಕಂತಿನಲ್ಲಿ. ಚೆಂಡೆಯವರು ಯಾರನ್ನೂ ಹೀಗೆ ಕಾಯಿಸುವುದಿಲ್ಲ.

ಅಷ್ಟು ಮುಗಿಯಿತು ಎನ್ನುವಾಗ ಎದುರಿನ ಕೆಳಮಂಚದ ಹುಡುಗನಿಗೆ ಫೋನು ಬಂತು. ಹೊದಿಕೆಯೊಳಗೆ ತಲೆ ಹಾಕಿ ಪಿಸುಪಿಸು ಶುರು ಮಾಡಿದ, ತುಳುವಿನಲ್ಲಿ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೊಗಳುತ್ತಾರಲ್ಲ, ಅದರ ಕಷ್ಟ ಏನೆಂದು ಆ ಹೊತ್ತಿಗೆ ತಿಳಿಯುತ್ತದೆ. ಬೆಂಗಳೂರಿನ ಹುಡುಗರಿಗೆ ಅದು ಸುಮ್ನೆ ಗುಸುಗುಸು. ಅವರು ಮಗ್ಗುಲು ಬದಲಿಸಿ ಮಲಗಿದರು. ನನಗೆ ಪ್ರತಿ ಮಾತೂ ಅರ್ಥವಾಗುತ್ತದೆ!

ಆಸ್ತಿ ಪಾಲಿನ ವಿಷಯ. ಬದಿಯಡ್ಕ ಹತ್ತಿರ ಅಡಿಕೆ ತೋಟ. ಗುಡ್ಡದ ಬದಿಯ ಮೇಲಿನ ಪಾಲು ದೊಡ್ಡಪ್ಪನಿಗೆ, ಕೆಳಗಿನದ್ದು ಇವನ ಅಪ್ಪನಿಗೆ. ಆದರೆ ಸುರಂಗದ ಬಾಯಿ ಮೇಲಿನ ಪಾಲಿನಲ್ಲಿದೆ, ನೀರು ಬಂದು ಬೀಳುವ ಟ್ಯಾಂಕಿ ಕೆಳಗಿನದರಲ್ಲಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪಂಪು ಬೇಡದೆ ತಾನಾಗಿ ಹರಿದು ಬರುತ್ತದೆ. ಗಡಿಕಲ್ಲು ಕಂಡರೆ ನಿಲ್ಲುವುದಿಲ್ಲ. ಹುಡುಗ ಆ ಫೋನಿಟ್ಟು ಇನ್ನೊಬ್ಬನ ಹತ್ತಿರ ಮಲಯಾಳದಲ್ಲಿ ಕಾನೂನು ಕೇಳಿದ. ಆಮೇಲೆ ಅಮ್ಮನಿಗೆ ಕನ್ನಡದಲ್ಲಿ, 'ನೀನು ಮಂಡೆಬೆಚ್ಚ ಮಾಡ್ಬೇಡ, ದೊಡ್ಡಪ್ಪ ಒಂದು ದಾರಿ ಹೇಳಿದ್ದಾರೆ' ಎಂದ. ದಾರಿ ಏನು? ಅಷ್ಟರಲ್ಲಿ ಎದ್ದು ಫೋನು ಹಿಡಿದುಕೊಂಡು ಹೊರಗೆ ಹೋದ. ನಮಗೆ ತೊಂದರೆ ಆಗಬಾರದೆಂದು!

ಉಳಿದ ರಾತ್ರಿ ಆ ನೀರನ್ನು ನಾನೇ ಪಾಲು ಮಾಡಿದೆ. ದಿನ ಬಿಟ್ಟು ದಿನ ಕೊಟ್ಟರೆ? ಬೇಸಿಗೆಯಲ್ಲಿ ನೀರು ನೂಲಿನಷ್ಟಾಗುತ್ತದೆ, ಸಾಲುವುದಿಲ್ಲ. ಟ್ಯಾಂಕಿಯನ್ನೇ ಮೇಲೆ ಕಟ್ಟಿದರೆ? ಖರ್ಚು ಯಾರದ್ದು? ಐದಕ್ಕೆ ಯಾರದೋ ಅಲಾರಂ ಬಡಿದುಕೊಂಡಿತು. ಅದರ ಯಜಮಾನನೊಬ್ಬನನ್ನು ಬಿಟ್ಟು ಎಲ್ಲರೂ ಎದ್ದರು.

ತಿಂಡಿಗೆ ಕೂತಾಗ ಅಕ್ಕನ ಮಗ ಮೊಬೈಲ್ ಹಿಡಿದು, 'ಮಾವ, ಎಷ್ಟು ಸ್ಟಾರ್ ಕೊಡ್ಲಿ?' ಎಂದ. ನನ್ನ ಗಮನ ಅಲ್ಲಿರಲಿಲ್ಲ. ಪುಟ್ಟಿನ ತಟ್ಟೆ ಹಿಡಿದುಕೊಂಡು ಆ ಹುಡುಗನ ಎದುರು ಹೋಗಿ ಕೂತೆ. ಮಳೆಯ ವಿಷಯ ತೆಗೆದೆ, ಅಡಿಕೆ ರೇಟಿನ ವಿಷಯ ತೆಗೆದೆ. ಅವನು ಹೂಂಗುಟ್ಟುತ್ತಾ ಪುಟ್ಟಿಗೆ ಕಡಲೆ ಕಲಸುತ್ತಿದ್ದ. ಇನ್ನು ತಡೆಯಲಾಗದೆ ಕೇಳಿಯೇ ಬಿಟ್ಟೆ, 'ನಿಮ್ಮ ಬದಿಯಡ್ಕದ ಕಡೆ ಈ ಸುರಂಗದ ನೀರನ್ನೆಲ್ಲ ಹೇಗೆ ಪಾಲು ಮಾಡ್ತಾರೆ?'

ಹುಡುಗ ಕೈ ನಿಲ್ಲಿಸಿದ. 'ನಾನು ಬದಿಯಡ್ಕದವ ಅಂತ ನಿಮಗೆ ಯಾರು ಹೇಳಿದ್ದು?'