‘ನಾರ್ಮಲ್’ ಎಂಬ ಅಂಕಿಯ ಹಿಂದಿನ ದುಡಿಮೆ

ಕಳೆದ ಬೇಸಿಗೆಯಲ್ಲಿ ಅಮ್ಮ ಎರಡು ದಿನ ಸುಸ್ತೆಂದು ಮಲಗಿದ್ದರು. ಮನೆಯಲ್ಲಿದ್ದ ಯಂತ್ರವನ್ನು ತೋಳಿಗೆ ಕಟ್ಟಿ ರಕ್ತದೊತ್ತಡ ನೋಡಿದೆ. 118/76 ಎಂದು ತೋರಿಸಿತು. ನಿರಾಳವಾಗಲು ನನಗೆ ಅಷ್ಟೇ ಸಾಕಾಯಿತು. ಅದೇ ಪರದೆಯ ಕೆಳತುದಿಯಲ್ಲಿ ನಾಡಿಬಡಿತ 108 ಎಂದಿದ್ದುದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಸಂಜೆ ವೈದ್ಯರು ಅವರನ್ನು ಮಲಗಿಸಿ ಒಮ್ಮೆ, ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆದರು. ನಿಂತಾಗ ಮೇಲಿನ ಅಂಕಿ 92ಕ್ಕೆ ಇಳಿಯಿತು. ಅಮ್ಮ ಕಣ್ಣು ಮುಚ್ಚಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾಲಿಗೆ ಒಣಗಿತ್ತು. ದೇಹದಲ್ಲಿ ನೀರು ಬಹಳ ಕಡಿಮೆಯಾಗಿದೆ ಎಂದು ವೈದ್ಯರು ಹೇಳಿದಾಗ ಅಮ್ಮ, “ಬಾಯಾರಿಕೆಯೇ ಆಗಲಿಲ್ಲವಲ್ಲ” ಎಂದರು.

ವರದಿಯ ಅಂಕಿಯೊಂದು ಮಿತಿಯೊಳಗಿದೆ ಎಂದ ಮಾತ್ರಕ್ಕೆ ದೇಹ ನೆಮ್ಮದಿಯಾಗಿದೆ ಎಂದುಕೊಳ್ಳುವುದು ತಪ್ಪು ಎಂಬುದು ನನಗೆ ಅಂದು ಮನವರಿಕೆಯಾಯಿತು. ನಾವು ಎದ್ದು ನಿಂತಾಗಲೆಲ್ಲ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಭಾಗದ ನಾಳಗಳಿಗೆ ಜಾರುತ್ತದೆ. ಕತ್ತಿನ ದೊಡ್ಡ ಧಮನಿಗಳ ಗೋಡೆಯಲ್ಲಿರುವ ನರತುದಿಗಳು ಒತ್ತಡ ಕುಗ್ಗಿದ್ದನ್ನು ಕ್ಷಣದಲ್ಲೇ ಗ್ರಹಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ವೇಗ ಹೆಚ್ಚಿಸುತ್ತದೆ, ನಾಳಗಳು ಬಿಗಿಯಾಗುತ್ತವೆ, ಮೆದುಳಿಗೆ ರಕ್ತ ತಪ್ಪುವುದಿಲ್ಲ. ಅಮ್ಮನ ದೇಹ ಮಲಗಿದ್ದಾಗಲೇ ಈ ಬಂಡವಾಳವನ್ನೆಲ್ಲ ಖರ್ಚು ಮಾಡುತ್ತಿತ್ತು. 118 ಎಂಬ ಅಂಕಿಯನ್ನು 108 ಬಡಿತಗಳು ಎತ್ತಿ ಹಿಡಿದಿದ್ದವು. ಆರೋಗ್ಯವಂತ ಯುವಕನ ಒಟ್ಟು ರಕ್ತದಲ್ಲಿ ಶೇಕಡಾ 15ರಷ್ಟು ಹೋದರೂ ಮಲಗಿದ್ದಾಗಿನ ರಕ್ತದೊತ್ತಡ ಹೆಚ್ಚೇನೂ ಬದಲಾಗದಿರಬಹುದು ಎಂಬುದನ್ನು ನೆನೆದರೆ, ಅಂಕಿ ಕುಸಿಯುವವರೆಗೆ ಕಾಯುವುದು ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ.

ಜೀವಕೋಶಗಳು ಬದುಕುವುದು ಹೊರಗಿನ ಗಾಳಿ-ಬಿಸಿಲಿನಲ್ಲಲ್ಲ, ತಮ್ಮನ್ನು ಸುತ್ತುವರಿದ ದ್ರವದ ಒಳ ಪರಿಸರದಲ್ಲಿ ಎಂದು 19ನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಹೇಳಿದರು. ಆ ಪರಿಸರ ಹದ ತಪ್ಪದಂತೆ ಉಳಿಯುವ ಕ್ರಿಯೆಗೆ ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟರು. ನಾವು ಅದನ್ನು ಸಮಸ್ಥಿತಿ ಎನ್ನುತ್ತೇವೆ. ಈ ಪದವನ್ನು ಜಡತೆ ಎಂದು ತಿಳಿಯಬಾರದು ಎಂದು ಕ್ಯಾನನ್ ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ನಾವು ಮರೆತಿದ್ದೇವೆ ಎಂದೇ ನನ್ನ ಭಾವನೆ.

ಈ ದುಡಿಮೆ ಎಷ್ಟು ಗಟ್ಟಿಯಾದದ್ದು ಎಂಬುದಕ್ಕೆ 1774ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯ ನೀರು ಕುದಿಯುವ ಮಟ್ಟಕ್ಕಿಂತಲೂ ಬಿಸಿಯಾದ ಒಣ ಕೋಣೆಯೊಳಗೆ ಹೋಗಿ ನಿಂತ. ಅಲ್ಲಿಟ್ಟಿದ್ದ ಮಾಂಸ ಬೆಂದುಹೋಯಿತು. ಆತ ಸುರಕ್ಷಿತವಾಗಿ ಹೊರಬಂದ. ಕಾಪಾಡಿದ್ದು ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆ ಶಾಖಕ್ಕೆ ತೆತ್ತ ಬೆಲೆ ರಕ್ತದ ನೀರೇ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆವಿಯಾಗದೆ ಹರಿದುಹೋಗುತ್ತದೆ. ನೀರೂ ಹೋಯಿತು, ಶಾಖವೂ ಉಳಿಯಿತು.

ಒಂದನ್ನು ಉಳಿಸಲು ಇನ್ನೊಂದನ್ನು ತೆರುವ ಈ ರೀತಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕ್ಯಾಲ್ಸಿಯಂನಲ್ಲಿ. ದೇಹದ ಕ್ಯಾಲ್ಸಿಯಂನ ಶೇಕಡಾ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿದೆ; ರಕ್ತದಲ್ಲಿರುವುದು ಅತ್ಯಲ್ಪ. ಆದರೆ ಆ ಅತ್ಯಲ್ಪ ತಪ್ಪಿದರೆ ನರ, ಸ್ನಾಯು, ಹೃದಯ ಮೂರೂ ತಾಳ ತಪ್ಪುತ್ತವೆ. ಆದ್ದರಿಂದ ಆಹಾರದಿಂದ ಸಾಲದಾದಾಗ ಕತ್ತಿನ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನನ್ನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತವೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತವೆ. ವರ್ಷಗಟ್ಟಲೆ ಮೂಳೆ ಸವೆಯುತ್ತಿರುತ್ತದೆ, ರಕ್ತಪರೀಕ್ಷೆ ಮಾತ್ರ ಪ್ರತಿ ಸಲವೂ ನಾರ್ಮಲ್ ಎನ್ನುತ್ತದೆ.

ಸಕ್ಕರೆಯ ಕಥೆಯೂ ಹೀಗೆಯೇ. ಸುಮಾರು ಐದು ಲೀಟರ್ ರಕ್ತದಲ್ಲಿ ಬರಿಹೊಟ್ಟೆಯಲ್ಲಿ ಇರುವ ಗ್ಲೂಕೋಸ್ ಒಂದು ಟೀ ಚಮಚದಷ್ಟು. ಅಂಗಾಂಶಗಳು ಇನ್ಸುಲಿನ್ನಿಗೆ ಮಣಿಯದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿದು ಆ ಚಮಚದ ಲೆಕ್ಕವನ್ನು ವರ್ಷಗಳ ಕಾಲ ಸರಿದೂಗಿಸಬಲ್ಲದು. ಅದು ದಣಿದ ಮೇಲೆಯೇ ನಾವು “ಇದ್ದಕ್ಕಿದ್ದಂತೆ ಶುಗರ್ ಬಂತು” ಎನ್ನುತ್ತೇವೆ. ಇದ್ದಕ್ಕಿದ್ದಂತೆ ಬಂದದ್ದು ಅಂಕಿ ಮಾತ್ರ.

ಹಾಗೆಂದು ಮಿತಿ ಮೀರಿದ ಅಂಕಿಯೆಲ್ಲ ವ್ಯವಸ್ಥೆಯ ಸೋಲೂ ಅಲ್ಲ. ಜ್ವರದಲ್ಲಿ ಮೆದುಳಿನ ಹೈಪೋಥಲಾಮಸ್ ತನ್ನ ಗುರಿಯನ್ನೇ 37ರಿಂದ 39 ಡಿಗ್ರಿಗೆ ಏರಿಸಿಕೊಳ್ಳುತ್ತದೆ. ಆದ್ದರಿಂದಲೇ ಮೈ 38 ಡಿಗ್ರಿ ಸುಡುತ್ತಿರುವಾಗಲೂ ರೋಗಿ ಚಳಿಯೆಂದು ನಡುಗುತ್ತಾನೆ.

ಅಮ್ಮನ ನೀರಿನ ವಿಷಯಕ್ಕೆ ಮರಳುತ್ತೇನೆ. ರಕ್ತದ ಸಾಂದ್ರತೆ ಶೇಕಡಾ ಒಂದೆರಡರಷ್ಟು ಏರಿದರೂ ಮೆದುಳು ಎರಡು ಕೆಲಸ ಮಾಡುತ್ತದೆ: ವಾಸೊಪ್ರೆಸಿನ್ ಹಾರ್ಮೋನನ್ನು ಬಿಟ್ಟು ನೀರುಳಿಸುವಂತೆ ಮೂತ್ರಪಿಂಡಗಳಿಗೆ ಹೇಳುತ್ತದೆ, ನಮಗೆ ಬಾಯಾರಿಸುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ ಒಂದೆರಡು ಲೀಟರನ್ನಷ್ಟೇ ಹೊರಬಿಡುತ್ತವೆ. ಆದರೂ ಅವು ಉಳಿಸಬಲ್ಲವೇ ಹೊರತು ಹೊಸ ನೀರನ್ನು ತರಲಾರವು. ತರುವ ಕೆಲಸ ಬಾಯಾರಿಕೆಯದು, ಮತ್ತು ವಯಸ್ಸಾದಂತೆ ಮೊದಲು ಮಂಕಾಗುವ ಕಾವಲುಗಾರರಲ್ಲಿ ಅದೂ ಒಂದು. ಅವರ ದೇಹದಲ್ಲಿ ಕೇಳದಾದ ಆ ಕರೆಯನ್ನು ಮನೆಯವರಾದ ನಾವು ಹೊರಗಿನಿಂದ ಕೊಡಬೇಕಾಗಿತ್ತು; ನಾನು ಕೊಡಲಿಲ್ಲ, ಆ ನೋವು ನನಗಿದೆ.

ಈಗ ಅಮ್ಮನ ಮಂಚದ ಪಕ್ಕದಲ್ಲಿ ಗೆರೆ ಎಳೆದ ನೀರಿನ ಬಾಟಲಿ ಇರುತ್ತದೆ. ಬಾಯಾರಲಿ ಬಿಡಲಿ, ಮಧ್ಯಾಹ್ನದೊಳಗೆ ಮೊದಲ ಗೆರೆಯವರೆಗೆ ಕುಡಿಯಬೇಕೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಯಂತ್ರ ಕಟ್ಟಿದಾಗ ನನ್ನ ಕಣ್ಣು ಮೊದಲು ಹೋಗುವುದು ಪರದೆಯ ಕೆಳತುದಿಗೆ. ಇಂದು ಬೆಳಿಗ್ಗೆ ಅಲ್ಲಿ 74 ಎಂದಿತ್ತು.